ಅಕ್ಕಿಯೇ ಲ್ಯಾಪ್‌ಟಾಪು, ಬೇಳೆಯೇ ಚಾರ್ಜರು

ಐವತ್ತರ ಅಂಚಿಗೆ ಬಂದ ಗಂಡಸು "ನನಗೊಂದು ಗೇಮಿಂಗ್ ಲ್ಯಾಪ್‌ಟಾಪ್ ಬೇಕು" ಎಂದು ಮನೆಯಲ್ಲಿ ಬಾಯಿಬಿಟ್ಟು ಹೇಳುವ ಹಾಗಿಲ್ಲ. ಬುಲೆಟ್ ಬೇಕು ಅನ್ನಬಹುದು. ವಯಸ್ಸಿನ ಹುಚ್ಚು ಅಂತ ನಕ್ಕು ಸುಮ್ಮನಾಗುತ್ತಾರೆ. ಹಿಮಾಲಯಕ್ಕೆ ಹೋಗುತ್ತೇನೆ ಅನ್ನಬಹುದು. ಸ್ವೆಟರ್ ಹುಡುಕಿ ಕೊಡುತ್ತಾರೆ. ಗೇಮ್ ಆಡುತ್ತೇನೆ ಅಂದರೆ ಮಾತ್ರ ಮಾತ್ರೆ ಸರಿಯಾಗಿ ತಗೊಳ್ಳುತ್ತಿದ್ದೀರಾ ಅಂತ ಕೇಳುತ್ತಾರೆ. ಹಾಗಾಗಿ ನನ್ನ ವಯಸ್ಸಿನವರೆಲ್ಲ ಹೇಳುವುದನ್ನೇ ನಾನೂ ಹೇಳಿದೆ: "ಎಡಿಟಿಂಗಿಗೆ."

ಬ್ಯಾಂಕಿನಲ್ಲಿ ಕೂತು ಸಾಲದ ಅರ್ಜಿ ನೋಡುವವನಿಗೆ ಎಡಿಟ್ ಮಾಡುವುದು ಏನಿರುತ್ತದೆ ಎಂದು ಯಾರೂ ಕೇಳಲಿಲ್ಲ. ಹೆಂಡತಿ "ಓಹೋ" ಅಂದಳು. ಮಗಳು ಫೋನಿನಿಂದ ತಲೆ ಎತ್ತಿ ನನ್ನನ್ನೊಮ್ಮೆ ನೋಡಿ ಮತ್ತೆ ತಗ್ಗಿಸಿದಳು. ನಮ್ಮಲ್ಲಿ ಸುದ್ದಿ ನಿಲ್ಲುವುದಿಲ್ಲ, ನೆಂಟರಿಷ್ಟರಿಗೂ ತಲುಪಿತು. ಅದರ ಫಲ ಆಮೇಲೆ ಹೇಳುತ್ತೇನೆ.

ಈ ಆಸೆ ಹುಟ್ಟಿದ್ದು ಹಾಸನದ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ. ಪಿಯುಸಿ ರಜೆಯಲ್ಲಿ ಅಪ್ಪ ಫೀಸು ಕಟ್ಟಿ ಸೇರಿಸಿದ್ದರು. ಚಪ್ಪಲಿ ಹೊರಗೆ ಬಿಡಬೇಕು, ಒಳಗೆ ಎ.ಸಿ., ಒಂದೊಂದು ಮಷೀನಿಗೆ ಮೂರು ಮೂರು ಜನ. ಮೇಷ್ಟ್ರು ಬೇಸಿಕ್ ಹೇಳಿಕೊಟ್ಟು ಟೀ ಕುಡಿಯಲು ಹೋದ ಕೂಡಲೇ ಯಾರೋ ಫ್ಲಾಪಿ ತೂರಿಸುತ್ತಿದ್ದರು: ಪ್ರಿನ್ಸ್ ಆಫ್ ಪರ್ಷಿಯಾ. ಜೋರ್ಡನ್ ಮೆಕ್ನರ್ ಎಂಬ ಅಮೆರಿಕದ ಯುವಕ ತನ್ನ ತಮ್ಮನನ್ನು ಓಡಿಸಿ, ಹಾರಿಸಿ, ವಿಡಿಯೊ ತೆಗೆದು, ಅದರ ಒಂದೊಂದೇ ಚಿತ್ರವನ್ನು ಗೆರೆ ಎಳೆದು ಇಳಿಸಿಕೊಂಡು 1989ರಲ್ಲಿ ಹೊರತಂದ ಆಟ. ಅದಕ್ಕೇ ಅದರ ಪುಟಾಣಿ ನಾಯಕ ಥೇಟು ಮನುಷ್ಯರ ಹಾಗೆ ಓಡುತ್ತಿದ್ದ, ಥೇಟು ಮನುಷ್ಯರ ಹಾಗೆ ಮೊಳೆಗಳ ಮೇಲೆ ಬಿದ್ದು ಸಾಯುತ್ತಿದ್ದ. ರಾಜಕುಮಾರಿಯನ್ನು ಬಿಡಿಸಲು ಆಟದೊಳಗೆ 60 ನಿಮಿಷದ ಗಡುವು. ಮೇಷ್ಟ್ರು ಟೀ ಕುಡಿದು ಸಿಗರೇಟೂ ಸೇದಿ ಬರಲು ಹೆಚ್ಚೆಂದರೆ 20 ನಿಮಿಷ. ಲೆಕ್ಕ ಯಾವ ಕಾಲಕ್ಕೂ ಕೂಡುವಂಥದ್ದಲ್ಲ. ಆ ಹುಡುಗಿ ಇವತ್ತಿಗೂ ಅರಮನೆಯ ಸೆರೆಯಲ್ಲೇ ಇದ್ದಾಳೆ.

ಇದನ್ನೆಲ್ಲ ನನ್ನ ಸೋದರಳಿಯನಿಗೆ ಗುಟ್ಟಾಗಿ ಹೇಳಿಕೊಂಡೆ. ಎಂಜಿನಿಯರಿಂಗ್ ಎರಡನೇ ವರ್ಷದ ಹುಡುಗ. "ಮಾವ, ಅದು ಬ್ರೌಸರಲ್ಲೇ ಬರುತ್ತೆ. ಲ್ಯಾಪ್‌ಟಾಪ್ ಯಾಕೆ?" ಅಂದ. ಇಂಥ ಪ್ರಶ್ನೆಗೆ ಉತ್ತರ ಕೊಡುತ್ತಾ ಹೋದರೆ ಮನುಷ್ಯ ಏನನ್ನೂ ಕೊಳ್ಳಲಾರ. ನನಗೆ ಈಗ ಬೇಕಿರುವುದು ರೆಡ್ ಡೆಡ್ ರಿಡೆಂಪ್ಶನ್ 2 ಎಂದೆ. 1899ರ ಅಮೆರಿಕದಲ್ಲಿ ಕುದುರೆ ಹತ್ತಿ, ಮಳೆಯಲ್ಲಿ, ಗೊತ್ತುಗುರಿಯಿಲ್ಲದೆ ತಿರುಗುವುದು. ಬಂದೂಕು ಕೈಗೆ ಬಂದರೂ ನಾನು ಹಾರಿಸುವವನಲ್ಲ. ಆ ಆಟಕ್ಕೆ ಡಿಸ್ಕಿನಲ್ಲಿ 150 ಜಿಬಿ ಜಾಗ ಬೇಕು. ಕುದುರೆ ಕಟ್ಟಬೇಕಲ್ಲ, ಬೇಕಾಗುತ್ತದೆ.

ಅಳಿಯ ಪಾಠ ಶುರುಮಾಡಿದ. ಮೊದಲನೇ ಪಾಠದಲ್ಲೇ ನನ್ನ ಜಂಘಾಬಲ ಉಡುಗಿತು. ಆರ್‌ಟಿಎಕ್ಸ್ 4060 ಎಂಬ ಗ್ರಾಫಿಕ್ಸ್ ಚಿಪ್ಪು ಇದೆಯಷ್ಟೆ. ಅಂಗಡಿಯಲ್ಲಿ ಅದೇ ಹೆಸರು, ಜಾಹೀರಾತಿನಲ್ಲಿ ಅದೇ ಹೆಸರು, ಡಬ್ಬದ ಮೇಲೂ ಅದೇ. ಆದರೆ ಲ್ಯಾಪ್‌ಟಾಪಿನವರು ಅದಕ್ಕೆ ಉಣ್ಣಿಸುವ ವಿದ್ಯುತ್ತು ಮಾತ್ರ ಎನ್‌ವಿಡಿಯಾ ಕಂಪನಿಯ ಪಟ್ಟಿಯಲ್ಲೇ 35 ವ್ಯಾಟಿನಿಂದ 115 ವ್ಯಾಟಿನವರೆಗೆ ಇದೆ. ಊರಲ್ಲಿ ಮಂಜುನಾಥ ಅಂತ ಇಬ್ಬರಿದ್ದು, ಒಬ್ಬ ಗರಡಿಯವನು, ಇನ್ನೊಬ್ಬ ಪೋಸ್ಟಾಫೀಸಿನ ಗುಮಾಸ್ತ ಆಗಿದ್ದ ಹಾಗೆ. "ಮಂಜುನಾಥನನ್ನು ಕಳಿಸಿ" ಎಂದರೆ ಯಾರು ಬರುತ್ತಾರೋ ದೇವರೇ ಬಲ್ಲ. ವ್ಯಾಟು ಎಷ್ಟೆಂದು ತಿಳಿಯಬೇಕಾದರೆ ಕಂಪನಿಯ ಪುಟದ ತಳದಲ್ಲಿ ಇರುವೆ ಅಕ್ಷರದಲ್ಲಿ ಹುಡುಕಬೇಕು. ಇನ್ನು ಮೆಮೊರಿ. 4060ಕ್ಕೆ 8 ಜಿಬಿ. ಹೆಚ್ಚು ದುಡ್ಡು ಕೊಟ್ಟು 4070 ತಂದರೆ ಅದಕ್ಕೂ 8 ಜಿಬಿ. ಸರಿ, ಹೊಸ ಪೀಳಿಗೆ ಬರಲಿ ಎಂದು ಕಾದರೆ 2025ರಲ್ಲಿ ಲ್ಯಾಪ್‌ಟಾಪಿಗೆ ಬಂದ 5060, 5070 ಎರಡೂ 8 ಜಿಬಿಯನ್ನೇ ಹೊತ್ತು ತಂದವು.

ಪರದೆಯದು ಬೇರೆಯೇ ಪುರಾಣ. ಅಗ್ಗದ ಪರದೆಗೆ "45 ಪರ್ಸೆಂಟ್ ಎನ್‌ಟಿಎಸ್‌ಸಿ" ಎಂದು ಬರೆದಿರುತ್ತಾರೆ. ಅದು 1953ರಲ್ಲಿ ಅಮೆರಿಕದ ಕಲರ್ ಟಿವಿಗೆಂದು ಮಾಡಿದ ಬಣ್ಣದ ಅಳತೆ. ನಮ್ಮಪ್ಪ ಶಾಲೆಗೆ ಹೋಗುತ್ತಿದ್ದ ಕಾಲದ ಟಿವಿ, ಅದರಲ್ಲೂ ಅರ್ಧದಷ್ಟು ಬಣ್ಣವಿಲ್ಲ! ಆಮೇಲೆ 144 ಹರ್ಟ್ಸ್. ಮಾಮೂಲಿ 60 ಹರ್ಟ್ಸ್ ಪರದೆಯಲ್ಲಿ ಚಿತ್ರ ಬದಲಾಗಲು ಸುಮಾರು 17 ಮಿಲಿಸೆಕೆಂಡ್, ಇದರಲ್ಲಿ ಸುಮಾರು 7. ಮಿಕ್ಕ 10 ಮಿಲಿಸೆಕೆಂಡಿನಲ್ಲಿ ಶತ್ರು ನನಗೆ ಕಾಣಿಸುತ್ತಾನಂತೆ. ನನಗೆ ಎದುರುಮನೆಯವರೇ ಕನ್ನಡಕ ಹಾಕದೆ ಕಾಣಿಸುವುದಿಲ್ಲ. ಆದರೂ 165 ಹರ್ಟ್ಸ್ ಸಿಕ್ಕಿದರೆ ಬಿಡಬಾರದು ಎಂದು ತೀರ್ಮಾನಿಸಿದೆ.

ಹೆಸರುಗಳೋ ಪ್ರಿಡೇಟರ್, ಲೀಜನ್, ಕಟಾನಾ, ನೈಟ್ರೊ. ಮನೆಗೆ ತರುವುದೋ ಗಡಿಗೆ ಕಳಿಸುವುದೋ ತಿಳಿಯದ ಹೆಸರುಗಳು. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಗಲ್ಲಿ ಗಲ್ಲಿ ಸುತ್ತಿದೆ. ಎಲ್ಲ ಅಂಗಡಿಯವರೂ ಒಂದೇ ಪ್ರಶ್ನೆ ಕೇಳಿದರು: "ಬಜೆಟ್ ಎಷ್ಟು ಸಾರ್?" ಹೇಳಿದ ಕೂಡಲೇ ಎಲ್ಲರೂ ಒಂದೇ ಥರ ನಿಟ್ಟುಸಿರು ಬಿಟ್ಟರು.

ಇಲ್ಲಿ ಒಂದು ಜಾತಿಯ ಜನರ ಬಗ್ಗೆ ನನ್ನ ಸಿಟ್ಟನ್ನು ದಾಖಲಿಸಬೇಕು. "ಇನ್ನೊಂದು ಹತ್ತು ಸಾವಿರ ಹಾಕಿಬಿಡಿ" ಎನ್ನುವವರು. 80 ಸಾವಿರ ಅಂದುಕೊಂಡು ಹೊರಟೆ. ಸಹೋದ್ಯೋಗಿ ಅಂದ, ಇನ್ನೊಂದು ಹತ್ತು ಹಾಕಿದರೆ 16 ಜಿಬಿ ರ‍್ಯಾಮ್ ಬರುತ್ತೆ. ಹಾಕಿದೆ, ಮನಸ್ಸಿನಲ್ಲಿ. ವಾಕಿಂಗ್ ಗೆಳೆಯ ಅಂದ, ಇನ್ನೊಂದು ಹತ್ತಕ್ಕೆ ಒಳ್ಳೆಯ ಪರದೆ. ಅದನ್ನೂ ಹಾಕಿದೆ. ಇನ್ನೊಂದು ಹತ್ತಕ್ಕೆ ವ್ಯಾಟು, ಇನ್ನೊಂದು ಹತ್ತಕ್ಕೆ ತಣ್ಣಗಿಡುವ ಫ್ಯಾನು, ಅದರ ಮೇಲೆ ಇನ್ನೊಂದು ಹತ್ತಕ್ಕೆ ಮೂರು ವರ್ಷದ ವಾರಂಟಿ. ಒಂದು ಲಕ್ಷ ಮೂವತ್ತು ಸಾವಿರಕ್ಕೆ ಬಂದು ನಿಂತಾಗ ಅದೇ ವಾಕಿಂಗ್ ಗೆಳೆಯ, "ಅಷ್ಟೆಲ್ಲ ಯಾಕ್ರೀ ಹಾಕ್ತೀರಿ, ಮುಂದಿನ ವರ್ಷ ಅರ್ಧಕ್ಕೆ ಸಿಗುತ್ತೆ," ಅಂದ. ಈ ಜನರಲ್ಲಿ ಒಬ್ಬನಾದರೂ ಜೇಬಿನಿಂದ ಹತ್ತು ರೂಪಾಯಿ ತೆಗೆದು ಟೇಬಲ್ ಮೇಲೆ ಇಟ್ಟದ್ದು ನಾನು ನೋಡಿಲ್ಲ.

ಕೊನೆಗೆ ಅಳಿಯ ಬ್ರಹ್ಮಾಸ್ತ್ರ ಬಿಟ್ಟ: "ಮಾವ, ಇದೇ ದುಡ್ಡಿಗೆ ಡೆಸ್ಕ್‌ಟಾಪ್ ಕಟ್ಟಿಸಿದರೆ ಇದರಪ್ಪನಂಥದ್ದು ಬರುತ್ತೆ." ಮಾತು ನಿಜ. ಆದರೆ ಡೆಸ್ಕ್‌ಟಾಪನ್ನು ಹಾಲಿನಲ್ಲಿ ಇಡಬೇಕು, ಅದು ದಿನವಿಡೀ ಬಣ್ಣದ ದೀಪ ಹಾಕಿಕೊಂಡು ನನ್ನ ಗುಟ್ಟು ರಟ್ಟು ಮಾಡುತ್ತಿರುತ್ತದೆ. ಲ್ಯಾಪ್‌ಟಾಪಾದರೆ ಮುಚ್ಚಿ ಬ್ಯಾಗಿನಲ್ಲಿಟ್ಟರೆ ಆಫೀಸು. ಇದನ್ನು ಅಳಿಯನಿಗೆ ಹೇಳಲಾಗದೆ, "ನಾನು ಅದನ್ನು ಎಲ್ಲ ಕಡೆ ಹೊತ್ಕೊಂಡು ಹೋಗಬೇಕಪ್ಪ," ಅಂದೆ.

"ಹೊರ್ತೀರಾ? ಎರಡೂವರೆ ಕೆಜಿ ಮಾವ. ಚಾರ್ಜರ್ ಬೇರೆ. ಅದನ್ನ ಬಿಟ್ಟು ಹೋದರೆ ಬ್ಯಾಟರಿ ಮೇಲೆ ಗೇಮ್ ಕುಂಟುತ್ತೆ. 230 ವ್ಯಾಟಿನ ಇಟ್ಟಿಗೆ ಅದು, ಮುಕ್ಕಾಲು ಕೆಜಿ ಮೇಲೇ ಇರುತ್ತೆ."

"ಹೊರ್ತೀರಾ?" ಎಂದ ಧಾಟಿ ನನಗೆ ನಾಟಿತು. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯ ತಕ್ಕಡಿ ತೆಗೆದೆ. ಎರಡೂವರೆ ಕೆಜಿ ಸೋನಾ ಮಸೂರಿ ಅಳೆದೆ. ಅಕ್ಕಿಯನ್ನು ಸುಮ್ಮನೆ ಚೀಲದಲ್ಲಿ ತುಂಬಿದರೆ ತಳಕ್ಕೆ ಜಾರಿ ಗಂಟಾಗುತ್ತದೆ. ಲ್ಯಾಪ್‌ಟಾಪಿನ ಭಾರ ಬೆನ್ನಿಗೆ ಹರಡಿ ಕೂರುವಂಥದ್ದು. ಆದ್ದರಿಂದ ಹೂವಿನ ಚಿತ್ರದ ಹಳೇ ದಿಂಬಿನ ಕವರನ್ನು 15.6 ಇಂಚಿನ ಅಳತೆಗೆ ಮಡಿಸಿ, ಅಕ್ಕಿ ತುಂಬಿ, ಅಡ್ಡಡ್ಡ ಹೊಲಿಗೆ ಹಾಕಿದೆ. 800 ಗ್ರಾಂ ತೊಗರಿಬೇಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಗಟ್ಟಿಯಾಗಿ ಕಟ್ಟಿ ಇಟ್ಟಿಗೆಯ ಆಕಾರಕ್ಕೆ ತಂದೆ. ಆಗ ಹೊಳೆಯಿತು, ಚಾರ್ಜರಿಗೆ ವಯರೂ ಇರುತ್ತದಲ್ಲ? ಕೆಟ್ಟ ಮಿಕ್ಸಿಯದೊಂದು ವಯರು ಅಟ್ಟದ ಮೇಲೆ ಬಿದ್ದಿತ್ತು. ತಂದು ಬೇಳೆಗೆ ಸುತ್ತಿದೆ. ಈ ಕೆಲಸದಲ್ಲಿ ಸಿಕ್ಕಿದ ಸಂತೋಷ ಇತ್ತೀಚೆಗೆ ಬ್ಯಾಂಕಿನಲ್ಲಿ ಸಿಕ್ಕಿಲ್ಲ.

ಬೆಳಿಗ್ಗೆ ಬೆನ್ನಿಗೆ ಹಾಕಿಕೊಂಡು ಮೆಟ್ರೋ ಸ್ಟೇಷನ್ನಿಗೆ ನಡೆದೆ. ಬ್ಯಾಗು ಎಕ್ಸ್‌ರೇ ಮಷೀನಿನ ಒಳಗೆ ಹೋಯಿತು. ಬೆಲ್ಟು ನಿಂತಿತು. ಹಿಂದಕ್ಕೆ ಹೋಯಿತು, ಮತ್ತೆ ಮುಂದಕ್ಕೆ ಬಂತು. ಆ ಪರದೆಯಲ್ಲಿ ಅಕ್ಕಿ, ಬಟ್ಟೆ, ಪುಸ್ತಕದಂಥ ಪದಾರ್ಥ ಕಿತ್ತಳೆ ಬಣ್ಣಕ್ಕೆ ಕಾಣುತ್ತದೆ, ಲೋಹ ನೀಲಿಗೆ. ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಲ್ಯಾಪ್‌ಟಾಪ್ ಆಕಾರದ ಕಿತ್ತಳೆ ಹಲಗೆ. ಪಕ್ಕದಲ್ಲಿ ಕಿತ್ತಳೆ ಇಟ್ಟಿಗೆ. ಇಟ್ಟಿಗೆಗೆ ಸುತ್ತಿದ ನೀಲಿ ವಯರು. ನಾನೇ ಆ ಕುರ್ಚಿಯಲ್ಲಿ ಕೂತಿದ್ದರೆ ಓಡಿಹೋಗುತ್ತಿದ್ದೆ.

"ಬ್ಯಾಗಲ್ಲಿ ಏನಿದೆ ಸಾರ್?"

"ಲ್ಯಾಪ್‌ಟಾಪ್," ಅಂದೆ. ರಾತ್ರಿಯಿಂದ ಹಾಗೇ ಅಂದುಕೊಂಡಿದ್ದೆ, ನಾಲಿಗೆಗೆ ಅದೇ ಬಂತು.

"ಆಚೆ ತೆಗೀರಿ."

ತೆಗೆದೆ. ದಿಂಬಿನ ಕವರಿನ ಗುಲಾಬಿ ಹೂಗಳನ್ನು ಅವರು ಬಹಳ ಹೊತ್ತು ನೋಡಿದರು. ಒತ್ತಿದರು. ಅದು ಸರಸರ ಅಂದಿತು.

"ಇದು ಲ್ಯಾಪ್‌ಟಾಪಾ?"

"ಸದ್ಯಕ್ಕೆ ಅಕ್ಕಿ. ಲ್ಯಾಪ್‌ಟಾಪ್ ಇನ್ನೂ ತಗೊಂಡಿಲ್ಲ."

"ಮತ್ತೆ ಇದು?"

"ಚಾರ್ಜರ್. ಅಂದರೆ, ತೊಗರಿಬೇಳೆ."

"ಬೇಳೆಗೆ ವಯರ್ ಯಾಕೆ ಸಾರ್?"

ಈ ಪ್ರಶ್ನೆಗೆ ಸರಳವಾದ ಉತ್ತರ ಇಲ್ಲ. ನನ್ನ ಹಿಂದೆ ಸಾಲು ಬೆಳೆಯಿತು. ಒಬ್ಬ ಹೆಂಗಸು ಕತ್ತು ಚಾಚಿ, ಹೊಲಿಗೆಯ ಸಂದಿಯಿಂದ ಉದುರಿದ ಎರಡು ಕಾಳನ್ನು ಅಂಗೈಲಿಟ್ಟು ನೋಡಿ, "ಹಳೇ ಅಕ್ಕಿ. ಚೆನ್ನಾಗಿದೆ. ಯಾವ ಅಂಗಡೀದು?" ಎಂದು ಕೇಳಿದರು. ಹೇಳಿದೆ. ಅಷ್ಟರಲ್ಲಿ ಹಿರಿಯ ಸೆಕ್ಯುರಿಟಿಯವರು ಬಂದರು. ಅವರಿಗೆ ಮೊದಲಿನಿಂದ ಹೇಳಬೇಕಾಯಿತು: ಅಳಿಯ, ಹೊರ್ತೀರಾ ಎಂದ ಧಾಟಿ, ಭಾರ ಹರಡುವ ರೀತಿ, ಬ್ಯಾಟರಿ ಮೇಲೆ ಯಾಕೆ ಕುಂಟುತ್ತದೆ ಎಂಬುದು. ಅವರು ಬೇಳೆಯನ್ನು ಕೈಯಲ್ಲಿ ತೂಗಿ ನೋಡುತ್ತಾ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಸ್ವಲ್ಪ ಪಕ್ಕಕ್ಕೆ ಕರೆದು ದನಿ ತಗ್ಗಿಸಿ, "ನಮ್ಮ ಹುಡುಗನೂ ಪ್ರಾಣ ತಿಂತಿದ್ದಾನೆ ಸಾರ್. ಯಾವುದು ತಗೊಂಡರೆ ಒಳ್ಳೇದು?" ಅಂದರು.

ನಾನು ಒಂದು ಕೈಯಲ್ಲಿ ಅಕ್ಕಿ ಹಿಡಿದುಕೊಂಡು ವ್ಯಾಟಿನ ವಿಚಾರ ಹೇಳಿದೆ. ಮಂಜುನಾಥರ ಉದಾಹರಣೆ ಕೊಟ್ಟೆ. 16 ಜಿಬಿಯ ಒಂದೇ ರ‍್ಯಾಮಿಗಿಂತ 8ರ ಎರಡು ಹಾಕಿದರೆ ವೇಗ ಜಾಸ್ತಿ ಎಂದೆ. ಮೇಲೆ ರೈಲು ಬಂದ ಸದ್ದು, ಹೋದ ಸದ್ದು. ಅವರು ಫೋನಿನಲ್ಲಿ ಬರೆದುಕೊಂಡರು. "ವಯರ್ ಬಿಚ್ಚಿ ಇಲ್ಲೇ ಬಿಡಿ ಸಾರ್, ಸಂಜೆ ತಗೊಳ್ಳಿ. ಬರೀ ಬೇಳೆ ಆದರೆ ತೊಂದರೆ ಇಲ್ಲ."

ಮುಂದಿನ ರೈಲಿನಲ್ಲಿ ಕೂತು ನಗುತ್ತಾ ಇದ್ದವನಿಗೆ 2024ರ ಫೆಬ್ರವರಿಯ ಆ ವಿಡಿಯೊ ನೆನಪಾಯಿತು. ರಾಜಾಜಿನಗರ ಸ್ಟೇಷನ್. ತಲೆ ಮೇಲೆ ಗಂಟು ಹೊತ್ತ ಒಬ್ಬ ರೈತರನ್ನು, ಟಿಕೆಟ್ ಇದ್ದರೂ, ಬಟ್ಟೆ ಸರಿಯಿಲ್ಲ ಎಂದು ತಡೆದು ನಿಲ್ಲಿಸಿದ್ದರು. ಜೊತೆಯ ಪ್ರಯಾಣಿಕರು ಜಗಳ ಕಾದು ಅವರನ್ನು ಒಳಗೆ ಕರೆದುಕೊಂಡು ಹೋದರು; ಆಮೇಲೆ ಮೆಟ್ರೋ ನಿಗಮ ಭದ್ರತಾ ಮೇಲ್ವಿಚಾರಕನನ್ನು ಕೆಲಸದಿಂದ ತೆಗೆಯಿತು. ಅವರ ಗಂಟಿನಲ್ಲಿ ವಯರು ಸುತ್ತಿದ ಇಟ್ಟಿಗೆ ಇರಲಿಲ್ಲ. ನನ್ನ ಬ್ಯಾಗಿನಲ್ಲಿತ್ತು. ಬಾಯಿಬಿಟ್ಟು ಸುಳ್ಳನ್ನೂ ಹೇಳಿದ್ದೆ. ಆದರೂ ಕೊನೆಯವರೆಗೆ ನಾನು "ಸಾರ್" ಆಗಿಯೇ ಇದ್ದೆ. ಇಸ್ತ್ರಿ ಶರ್ಟು, ಕೊರಳಲ್ಲಿ ಬ್ಯಾಂಕಿನ ಐಡಿ ಕಾರ್ಡು. ಬೆನ್ನಿನ ಮೇಲಿನ ಅಕ್ಕಿ ಆಮೇಲೆ ಯಾಕೋ ಜಾಸ್ತಿ ತೂಗಿತು.

ಎಡ ಭುಜ ಹಿಡಿದುಕೊಂಡಿತು. ನೋವಿನೆಣ್ಣೆ ತಿಕ್ಕುವಾಗ ಹೆಂಡತಿಗೆ ಎಲ್ಲ ಹೇಳಬೇಕಾಯಿತು. ಅವಳು ಕತ್ತರಿ ತಂದು ದಿಂಬಿನ ಕವರಿನ ಹೊಲಿಗೆ ಬಿಚ್ಚಿ, "ಡಬ್ಬದಲ್ಲಿ ಬೇಳೆ ಇಲ್ಲ ಅಂತ ನಾನು ಹೊಸದು ತರಿಸಿದೆ," ಎಂದಷ್ಟೇ ಅಂದಳು. ಭಾನುವಾರ ಲ್ಯಾಪ್‌ಟಾಪು ಚಾರ್ಜರು ಎರಡನ್ನೂ ಸೇರಿಸಿ ಬಿಸಿಬೇಳೆಬಾತ್ ಮಾಡಿದಳು.

ಊಟಕ್ಕೆ ನನ್ನ ಷಡ್ಡಕ ಬಂದಿದ್ದರು. ಬರಿಗೈಯಲ್ಲಿ ಅಲ್ಲ, ಪೆನ್‌ಡ್ರೈವಿನೊಂದಿಗೆ. ಹೊಸ ಮನೆಯ ಗೃಹಪ್ರವೇಶದ ವಿಡಿಯೊ. ಅದಕ್ಕೂ ಮೊದಲೇ ಚಿಕ್ಕಪ್ಪನ ಷಷ್ಟ್ಯಬ್ದಿಯದೂ ಮೈಸೂರಿನ ನಾದಿನಿ ಮಗುವಿನ ನಾಮಕರಣದ್ದೂ ಬಂದು ದೇವರ ಮನೆಯ ಡ್ರಾಯರಿನಲ್ಲಿ ಕೂತಿವೆ. ಎಡಿಟಿಂಗಿಗೆ.

"ಇನ್ನೂ ತಗೊಂಡಿಲ್ವಾ? ಒಳ್ಳೇದೇ ಆಯ್ತು ಬಿಡಿ," ಎಂದು ಷಡ್ಡಕರು ಬಾತಿಗೆ ತುಪ್ಪ ಹಾಕಿಸಿಕೊಂಡರು. "ನಮ್ಮದು ಡ್ರೋನ್ ಶೂಟಿಂಗು, 4ಕೆ. ನಾಲ್ಕು ಗಂಟೆ ಇದೆ. 16 ಜಿಬಿಗೆಲ್ಲ ಅದು ಅಲ್ಲಾಡಲ್ಲ. 32 ಇರೋದು ನೋಡಿ. ಏನು ಮಹಾ, ಇನ್ನೊಂದು ಹತ್ತು ಸಾವಿರ ಆಗಬಹುದು."

ಹೆಂಡತಿ ಅವರ ಎಲೆಗೆ ಇನ್ನೊಂದು ಸೌಟು ಚಾರ್ಜರು ಬಡಿಸಿದಳು.