ಬಾಗಿಲಿನ ಬಾಡಿಗೆ

"ಅಮ್ಮಾರಿಗೆ ಶೂನ್ಯ ಟಿಕೆಟ್ ಐತ್ರಿ. ಡಬ್ಬಿಗೆ ಇಲ್ಲ."

ದಾವಣಗೆರೆಯಿಂದ ಹರಿಹರಕ್ಕೆ ಹೊರಟ ಬಸ್ಸಿನಲ್ಲಿ ಕಂಡಕ್ಟರ್ ಹೀಗೆ ಹೇಳಿದಾಗ ನನ್ನ ತೊಡೆಯ ಮೇಲೆ ಐದು ಕೆಜಿ ತೊಗರಿಬೇಳೆ, ಎರಡು ಕಾಲಿನ ನಡುವೆ ಹದಿನೈದು ಕೆಜಿ ಎಣ್ಣೆಯ ತಗಡಿನ ಡಬ್ಬಿ, ಪಾದದ ಮೇಲೆ ಇಪ್ಪತ್ತೈದು ಕೆಜಿ ಅಕ್ಕಿ, ಪಕ್ಕದಲ್ಲಿ ಸಕ್ಕರೆ, ರವೆ, ಸಾಬೂನಿನ ಪುಡಿ. ಹೆಂಡತಿ ಎರಡು ಸೀಟು ಮುಂದೆ ಕಿಟಕಿಯ ಪಕ್ಕ, ಈ ಮನುಷ್ಯ ಯಾರೋ ತನಗೆ ಗೊತ್ತೇ ಇಲ್ಲ ಎಂಬಂತೆ ಹೊರಗೆ ನೋಡುತ್ತ ಕೂತಿದ್ದಳು. 2023ರ ಜೂನಿನಿಂದ ಹೆಂಗಸರಿಗೆ ಬಸ್ಸು ಬಿಟ್ಟಿ. ಆ ಲೆಕ್ಕ ಹಾಕಿಯೇ ನಾನು ಆಕೆಯನ್ನು ಕರೆದೊಯ್ದಿದ್ದೆ. ಇಬ್ಬರಿಗೆ ಸಲ್ಲುವ ತೂಕ ಮೀರಿತ್ತು, ಡಬ್ಬಿಗೆ ಲಗೇಜು ತೆತ್ತೆ. ಹದಿನಾಲ್ಕು ಕಿಲೋಮೀಟರ್ ದಾರಿಯಲ್ಲಿ ನನ್ನ ಉಳಿತಾಯಕ್ಕೆ ಬಿದ್ದ ಮೊದಲ ತೂತು ಅದು.

ಈ ಸಗಟು ಖರೀದಿಯ ಹುಚ್ಚು ಹತ್ತಿದ್ದು ಅಮೆರಿಕದಲ್ಲಿ. ಮಗಳು ಇರುವುದು ಸಿಯಾಟಲ್ ಪಕ್ಕದ ರೆಡ್ಮಂಡಿನಲ್ಲಿ. ಅಲ್ಲಿ ಐದು ತಿಂಗಳು ಇದ್ದಾಗ ನಾವು ಎರಡೇ ದೇವಸ್ಥಾನಕ್ಕೆ ತಪ್ಪದೆ ಹೋದದ್ದು. ಒಂದು ನಿಜವಾದ ದೇವಸ್ಥಾನ, ಇನ್ನೊಂದು ಕಾಸ್ಟ್ಕೊ. ಎರಡನೆಯದಕ್ಕೆ ಭಾನುವಾರದ ಜನಸಂದಣಿ ಹೆಚ್ಚು. 1983ರಲ್ಲಿ ಇದೇ ಸಿಯಾಟಲ್‌ನಲ್ಲಿ ಮೊದಲ ಮಳಿಗೆ ತೆರೆದ ಈ ಗೋದಾಮಿನಂಗಡಿಯ ಬಾಗಿಲಲ್ಲಿ ಕಾರ್ಡು ತೋರಿಸಬೇಕು. ಹೊರಗೆ ಬರುವಾಗ ಇನ್ನೊಬ್ಬರು ಬಿಲ್ಲು ನೋಡಿ ಪೆನ್ನಿನಿಂದ ಉದ್ದಕ್ಕೊಂದು ಗೆರೆ ಎಳೆಯುತ್ತಾರೆ. ತೀರ್ಥ ತಗೊಂಡು ಹಣೆಗೆ ಗಂಧ ಹಚ್ಚಿಸಿಕೊಂಡು ಬಂದಷ್ಟೇ ಸಮಾಧಾನ. ಮಗಳ ಮನೆಯಲ್ಲಿ ಬಾದಾಮಿ, ಬೆಣ್ಣೆ, ಕಾಗದದ ಟವೆಲು, ಅಳಿಯನ ಬನಿಯನ್ನು, ಎಲ್ಲದರ ಮೇಲೂ 'ಕಿರ್ಕ್‌ಲ್ಯಾಂಡ್' ಎಂದು ಬರೆದಿತ್ತು. ಅಲ್ಲಿನವರ ಮನೆದೇವರ ಹೆಸರಿರಬೇಕು ಅಂದುಕೊಂಡಿದ್ದೆ. ಆಮೇಲೆ ನೋಡಿದರೆ ಅದು ಅಂಗಡಿಯ ಸ್ವಂತ ಛಾಪು, ಪಕ್ಕದ ಊರಿನ ಹೆಸರು.

ಕಾರ್ಡಿಗೆ ವರ್ಷಕ್ಕೆ 65 ಡಾಲರ್. ದೊಡ್ಡ ಕಾರ್ಡಿಗೆ 130. ಅದರಲ್ಲಿ ಖರೀದಿಯ ಶೇಕಡ 2ರಷ್ಟು ವರ್ಷದ ಕೊನೆಗೆ ವಾಪಸು. ಮಗಳದ್ದು ದೊಡ್ಡ ಕಾರ್ಡು. ಒಂದು ಸಂಜೆ "ಅಪ್ಪಾ, 70 ಡಾಲರ್ ಬಂತು!" ಎಂದು ಕುಣಿದಳು. ನಾನು ಹಳೆಯ ಲಕೋಟೆಯ ಬೆನ್ನ ಮೇಲೆ ಲೆಕ್ಕ ಹಾಕಿದೆ. 70 ಬರಬೇಕಾದರೆ 3,500 ಡಾಲರಿನ ಸಾಮಾನು ಕೊಂಡಿರಬೇಕು. ದೊಡ್ಡ ಕಾರ್ಡಿಗೆ ಹೆಚ್ಚಿಗೆ ಕೊಟ್ಟದ್ದು 65. ಹಾಗಾದರೆ ಗಿಟ್ಟಿದ್ದು ಐದೇ ಡಾಲರ್. "ಐದಾದರೂ ಗಿಟ್ಟಿತಲ್ಲ" ಎಂದಳು. ಆ ಸಂಭ್ರಮದಲ್ಲಿ ಮಾರನೆಯ ವಾರ ಹೋಗಿ ಇನ್ನೂರು ಡಾಲರಿನ ಸಾಮಾನು ತಂದಳು. ಆ ಕಂಪನಿ 2024ರ ಹಣಕಾಸು ವರ್ಷದಲ್ಲಿ ಬರೀ ಕಾರ್ಡಿನ ಹಣವೇ 480 ಕೋಟಿ ಡಾಲರಿಗೂ ಹೆಚ್ಚು ಎತ್ತಿದೆ. ನಿವ್ವಳ ಲಾಭ ಸುಮಾರು 737 ಕೋಟಿ. ಅವರು ಅಕ್ಕಿ ಬೇಳೆಯಲ್ಲಿ ಹೆಚ್ಚು ಲಾಭ ಇಟ್ಟುಕೊಳ್ಳುವುದಿಲ್ಲ. ಬಾಗಿಲನ್ನೇ ಬಾಡಿಗೆಗೆ ಕೊಟ್ಟಿದ್ದಾರೆ.

ಇದನ್ನೆಲ್ಲ ಇಷ್ಟು ಚೆನ್ನಾಗಿ ಅರಿತವನು ಊರಿಗೆ ಬಂದಮೇಲೆ ಹುಷಾರಾಗಿರಬೇಕಿತ್ತು. ದಾವಣಗೆರೆಯ ಹೊರಗೆ ಹೆದ್ದಾರಿ ಬದಿಯಲ್ಲಿ ಒಂದು ಸಗಟು ಮಳಿಗೆ ಆಗಿತ್ತು, ಕಾರ್ಡಿಗೆ ವರ್ಷಕ್ಕೆ 600 ರೂಪಾಯಿ. ಫಾರ್ಮಿನಲ್ಲಿ 'ವ್ಯಾಪಾರದ ಹೆಸರು' ಎಂಬ ಕಲಂ ನೋಡಿ ನನಗೆ ನನ್ನ ಷಡ್ಡಕ ನೆನಪಾದ. 2003ರಲ್ಲಿ ಜರ್ಮನಿಯ ಮೆಟ್ರೋ ಕಂಪನಿ ಬೆಂಗಳೂರಿನ ಯಶವಂತಪುರದಲ್ಲಿ ಮಳಿಗೆ ತೆರೆದಾಗ ವ್ಯಾಪಾರಿಗಳಿಗೆ ಮಾತ್ರ ಕಾರ್ಡು. ಷಡ್ಡಕನದು ಜೆರಾಕ್ಸ್ ಅಂಗಡಿ. ಆ ಲೈಸೆನ್ಸಿನ ಮೇಲೆ ಕಾರ್ಡು ಮಾಡಿಸಿ ಇಡೀ ಬಳಗದ ಮದುವೆ ಮುಂಜಿಗೆ ತುಪ್ಪ, ಗೋಡಂಬಿ ತಂದ. ಮೆಟ್ರೋದ ಭಾರತದ ವ್ಯಾಪಾರ 2023ರಲ್ಲಿ ರಿಲಯನ್ಸ್ ಪಾಲಾಯಿತು. ಷಡ್ಡಕನ ಕಾರ್ಡು ಮಾತ್ರ ಇನ್ನೂ ಪರ್ಸಿನಲ್ಲಿದೆ. ಇಲ್ಲಿಯ ಮಳಿಗೆಯ ಹುಡುಗ ಒಳ್ಳೆಯವನು. "ಏನಾರ ಬರೀರಿ ಸರ್" ಅಂದ. 'ನಿವೃತ್ತಿ' ಎಂದು ಬರೆದೆ. ಅದು ಯಾವ ವ್ಯಾಪಾರ ಎಂದು ಅವನು ಕೇಳಲಿಲ್ಲ.

ದುಡ್ಡು ಕಟ್ಟುವ ಮೊದಲು ತನಿಖೆ ಮಾಡಿದೆ ಎನ್ನಿ. ಹರಿಹರ ಅಂದರೆ ಲೇತು, ಲೇತು ಅಂದರೆ ಹರಿಹರ ಅನ್ನುತ್ತಿದ್ದ ಕಾಲದಲ್ಲಿ ಮೂವತ್ತೊಂದು ವರ್ಷ ಟರ್ನರ್ ಆಗಿ ನಿಂತವನು ನಾನು. ಒಂದು ಥೌ, ಅಂದರೆ ಅಂಗುಲದ ಸಾವಿರದಲ್ಲೊಂದು ಪಾಲು, ಹೆಚ್ಚುಕಮ್ಮಿಯಾದರೂ ಕೈಗೆ ಗೊತ್ತಾಗುತ್ತದೆ. ನೂರು ಪುಟದ ನೋಟುಬುಕ್ಕು ಹಿಡಿದು ದಾವಣಗೆರೆಯ ಮಂಡಿಪೇಟೆ, ಚೌಕಿಪೇಟೆ ಸುತ್ತಿದೆ. ಬೆನ್ನ ಮೇಲೆ ಮೂಟೆ ಹೊತ್ತ ಹಮಾಲರು "ದಾರೀ, ದಾರೀ" ಎಂದು ನುಗ್ಗುವ ಆ ಇಕ್ಕಟ್ಟಿನಲ್ಲಿ ನಾನು ಗೋಡೆಗೆ ಆತು ನಿಂತು ಸಕ್ಕರೆಯ ದರ ಬರೆದುಕೊಳ್ಳುತ್ತಿದ್ದೆ. ಒಂದು ಅಂಗಡಿಯ ಸಾಹುಕಾರರು ಗಲ್ಲಾ ಬಿಟ್ಟು ಎದ್ದು ಬಂದರು. "ಬರ್ರಿ ಸಾಹೇಬ್ರ, ಕೂಡ್ರಿ, ಬಿಸಿಲು ಭಾಳ ಐತಿ" ಎಂದು ಕುರ್ಚಿ ಹಾಕಿಸಿದರು, ಚಹ ತರಿಸಿದರು. ಹರಿಹರದವರ ಮೇಲೆ ದಾವಣಗೆರೆಯವರಿಗೆ ಇಷ್ಟು ಪ್ರೀತಿಯೇ ಎಂದು ಕಣ್ಣು ತುಂಬಿ ಬಂತು. ಅರ್ಧ ಚಹ ಕುಡಿದಾಗ ಅವರು ದನಿ ತಗ್ಗಿಸಿ, "ಯಾವ ಆಫೀಸ್ನಿಂದ ಬಂದೀರಿ? ಜಿಎಸ್‌ಟಿನೋ, ತೂಕ ಅಳತಿನೋ?" ಎಂದರು. ಮನೆಗೆ ಎರಡು ಕೆಜಿ ಸಕ್ಕರೆ ಬೇಕಾಗಿತ್ತು ಎಂದೆ. ಚಹದ ಲೋಟ ನನ್ನ ಕೈಯಲ್ಲೇ ಉಳಿಯಿತು. ಕುರ್ಚಿ ಒಳಗೆ ಹೋಯಿತು.

ನೋಟುಬುಕ್ಕಿನ ತೀರ್ಪು ಮಾತ್ರ ಸ್ಪಷ್ಟವಾಗಿತ್ತು. ನಮ್ಮ ಓಣಿಯ ಅಂಗಡಿಗಿಂತ ಮಳಿಗೆಯಲ್ಲಿ ಸರಾಸರಿ ನೂರಕ್ಕೆ ನಾಲ್ಕು ರೂಪಾಯಿ ಕಡಿಮೆ. 600 ರೂಪಾಯಿ ವಸೂಲಾಗಬೇಕಾದರೆ ವರ್ಷಕ್ಕೆ 15,000ದ ಸಾಮಾನು ಕೊಳ್ಳಬೇಕು. ನಮ್ಮದು ತಿಂಗಳಿಗೆ ನಾಲ್ಕು ಸಾವಿರದ ಸಂಸಾರ, ವರ್ಷಕ್ಕೆ 48,000, ಉಳಿತಾಯ 1,920, ಕಾರ್ಡಿನ ಹಣ ಕಳೆದರೆ 1,320 ರೂಪಾಯಿ ನಿಕ್ಕಿ ಲಾಭ. ಜೋಡಿ ಆಫರ್ ಬೇರೆ. ಅರ್ಧ ಹರಿ, ಅರ್ಧ ಹರ, ಇಬ್ಬರು ದೇವರನ್ನೂ ಒಂದೇ ವಿಗ್ರಹದಲ್ಲಿ ಕೊಟ್ಟು 1224ರಲ್ಲೇ ಹೊಯ್ಸಳರ ಗುಡಿ ಕಟ್ಟಿಸಿಕೊಂಡ ಊರಿನವನಿಗೆ ಜೋಡಿ ಆಫರಿನ ಬೆಲೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಾರ್ಡು ಮಾಡಿಸಿದೆ.

ನೋಟುಬುಕ್ಕಿನಲ್ಲಿ ಇಲ್ಲದ ಲೆಕ್ಕಗಳು ಒಂದೊಂದಾಗಿ ಮನೆಗೆ ಬಂದವು. ಬಸ್‌ಸ್ಟ್ಯಾಂಡಿನಿಂದ ಮನೆಗೆ ಆಟೋ. ಬಸ್ಸಿಗೆ ಕಾಯುವ ಮುಂಚೆ ಇಬ್ಬರಿಗೂ ಬೆಣ್ಣೆದೋಸೆ, ಯಾಕೆಂದರೆ ದಾವಣಗೆರೆಗೆ ಹೋಗಿ ದೋಸೆ ತಿನ್ನದೆ ಬರುವುದು ಉಳಿತಾಯವಲ್ಲ, ಕಾಯಿಲೆ. ಅಟ್ಟದ ಮೇಲೆ ಜಾಗ ಮಾಡಲು ಅಪ್ಪನ ಟ್ರಂಕು ಇಳಿಸಿದೆ, ಅದು ಈಗ ನಡುಮನೆಯಲ್ಲಿದೆ, ದಿನಕ್ಕೆರಡು ಸಲ ಎಡವುತ್ತೇನೆ. ಇಪ್ಪತ್ನಾಲ್ಕು ಸಾಬೂನು ಅಕ್ಕಿಯ ಪಕ್ಕದಲ್ಲಿಟ್ಟಿದ್ದಕ್ಕೆ ಒಂದು ತಿಂಗಳು ಅನ್ನಕ್ಕೆ ಮಲ್ಲಿಗೆಯ ವಾಸನೆ ಬಂತು. ಆಮೇಲೆ ರವೆ. ಐದು ಕೆಜಿ ರವೆಯನ್ನು ಇಬ್ಬರೇ ತಿಂದು ಮುಗಿಸುವುದು ಎಂದರೇನೆಂದು ಉಪ್ಪಿಟ್ಟಿನ ಹನ್ನೊಂದನೆಯ ದಿನ ತಿಳಿಯುತ್ತದೆ. ಮಳೆಗಾಲ ಹಿಡಿಯಿತು, ತುಂಗಭದ್ರೆ ಕೆಂಪಾಗಿ ತುಂಬಿ ಹರಿದಳು, ಮನೆಯೆಲ್ಲ ಥಂಡಿ. ಒಂದು ಬೆಳಿಗ್ಗೆ ಹೆಂಡತಿ ಮೊರದಲ್ಲಿ ರವೆ ಹರವಿ ನನ್ನನ್ನು ಕರೆದಳು. "ನೋಡ್ರಿ, ನಿಮ್ಮ ಉಳಿತಾಯಕ್ಕ ಕಾಲು ಬಂದಾವು."

ಹುಳಕ್ಕಿಂತ ಹೆಚ್ಚು ಕಾಡಿದ್ದು ಓಣಿಯ ಅಂಗಡಿ. ಮಳಿಗೆಯ ಚೀಲದ ಮೇಲೆ ಅದರ ಹೆಸರು ಕೆಂಪಗೆ ದೊಡ್ಡದಾಗಿ ಅಚ್ಚಾಗಿರುತ್ತದೆ. ಆಟೋ ಅಂಗಡಿಯ ಮುಂದೆ ಹಾಯುವಾಗ ಚೀಲವನ್ನು ತಿರುವಿ ಇಟ್ಟು, ನಾನೂ ಮುಖ ತಿರುವುತ್ತಿದ್ದೆ. ಮೂವತ್ತು ವರ್ಷದ ಉದ್ರಿ ಖಾತೆ ಅಲ್ಲಿ. ಫ್ಯಾಕ್ಟರಿಯಲ್ಲಿ ಸಂಬಳ ತಡವಾದ ತಿಂಗಳುಗಳಲ್ಲಿ ಒಂದು ಸಲವೂ ಕಾರ್ಡು ಕೇಳದೆ ಅಕ್ಕಿ ಅಳೆದವನು ಆ ಅಂಗಡಿಯವನು. ಬೇಳೆ ತೂಗಿ ಮುಳ್ಳು ನೆಟ್ಟಗೆ ನಿಂತಮೇಲೆ ಇನ್ನೊಂದು ಚಿಟಿಕೆ ಮೇಲೆ ಹಾಕುತ್ತಾನೆ, ಕೊಸರು. ಎಲೆಕ್ಟ್ರಾನಿಕ್ ತಕ್ಕಡಿ ಬಂದಮೇಲೂ ಆ ಚಿಟಿಕೆ ಬಿಟ್ಟಿಲ್ಲ. ನನ್ನ ನೋಟುಬುಕ್ಕಿನಲ್ಲಿ ಕೊಸರಿಗೆ ಕಲಂ ಇರಲಿಲ್ಲ.

ಕಾರ್ಡನ್ನು ಸದ್ದಿಲ್ಲದೆ ಟ್ರಂಕಿಗೆ ಹಾಕಿದೆ. ಅಲ್ಲಿ ಅಪ್ಪನ ಹಳೆಯ ಸೊಸೈಟಿಯ ಷೇರು ಪತ್ರ ಸಿಕ್ಕಿತು, ಹತ್ತು ರೂಪಾಯಿಯದು. 1905ರಲ್ಲಿ ಗದುಗಿನ ಕಣಗಿನಹಾಳದಲ್ಲಿ ಶುರುವಾದ ಸಹಕಾರದ ಗಾಳಿ ಅಪ್ಪನಿಗೂ ತಾಗಿತ್ತು. ಅವರೂ ಸದಸ್ಯರೇ, ನಾನೂ ಸದಸ್ಯನೇ. ಹತ್ತು ರೂಪಾಯಿಗೆ ಅವರು ಮಾಲೀಕರಾಗಿದ್ದರು, ವರ್ಷಕ್ಕೊಮ್ಮೆ ಸಭೆಗೆ ಹೋಗಿ ಅಧ್ಯಕ್ಷರನ್ನು ಬೈದು ಬರುತ್ತಿದ್ದರು. ನಾನು 600 ಕೊಟ್ಟು ಒಳಗೆ ಹೋಗುವ ಅಪ್ಪಣೆ ಪಡೆದಿದ್ದೆ.

ಎರಡು ತಿಂಗಳಾದಮೇಲೆ ಟ್ರಂಕಿನಲ್ಲಿ ಕಾರ್ಡು ಇರಲಿಲ್ಲ. ಅದು ಹೆಂಡತಿಯ ಕೈ ಸೇರಿತ್ತು. ಆಕೆಯೂ ಸೇರಿ ನಮ್ಮ ಓಣಿಯ ಐವರು ಹೆಂಗಸರು, ಐದು ಶೂನ್ಯ ಟಿಕೆಟ್ಟು, ಐದು ಜನರ ಪಾಲಿನ ತೂಕ. ತಿಂಗಳ ಮೊದಲ ಮಂಗಳವಾರ ದಾವಣಗೆರೆಗೆ ಹೋಗಿ ಒಂದು ಡಬ್ಬಿ ಎಣ್ಣೆ, ಒಂದು ಚೀಲ ರವೆ ತಂದು ನಮ್ಮ ಪಡಸಾಲೆಯಲ್ಲಿ ಹಂಚಿಕೊಳ್ಳುತ್ತಾರಂತೆ. ಮನೆಗೆ ಮೂರು ಕೆಜಿ ಎಣ್ಣೆ, ಒಂದು ಕೆಜಿ ರವೆ. ಹುಳ ಬೀಳಲು ಪುರುಸೊತ್ತಿಲ್ಲ. ನಾನು ಆ ಹೊತ್ತಿಗೆ ಹೊಳೆ ದಂಡೆಗೆ ವಾಕಿಂಗ್ ಹೋಗಿರುತ್ತೇನೆ. ಕಾರ್ಡಿನ ಹಣ ತಲೆಗೆ 120ರಂತೆ ಹೆಂಡತಿಯ ಸಾಸಿವೆ ಡಬ್ಬಿ ಸೇರಿತ್ತು. ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ 1844ರಲ್ಲಿ ನೇಕಾರರೂ ಕುಶಲಕರ್ಮಿಗಳೂ ಸೇರಿ 28 ಮಂದಿ ತಲಾ ಒಂದು ಪೌಂಡ್ ಹಾಕಿ ಹಿಟ್ಟು, ಸಕ್ಕರೆ, ಬೆಣ್ಣೆಯ ಅಂಗಡಿ ತೆರೆದು ಲೋಕಕ್ಕೆಲ್ಲ ಸಹಕಾರ ಕಲಿಸಿದರು ಎಂದು ನಾನು ಹೇಳಹೋದೆ. "ನಾವು ಐದೇ ಮಂದಿ ಅದೀವಿ, ಸೌಟು ಕೊಡ್ರಿ" ಎಂದಳು.

ಮೊನ್ನೆ ಉಪ್ಪು ತೀರಿತ್ತು, ಮಂಗಳವಾರ ದೂರವಿತ್ತು. ಓಣಿಯ ಅಂಗಡಿಗೆ ಹೋದೆ. "ಭಾಳ ದಿನ ಆತು, ಊರಾಗ ಇದ್ದಿಲ್ಲೇನ್ರಿ?" ಎಂದ. ಅಮೆರಿಕ, ಮಗಳು, ಮೊಣಕಾಲು ಎಂದು ಏನೇನೋ ಹೇಳಿದೆ. ಉಪ್ಪಿನ ಪ್ಯಾಕೆಟ್ ಮುಂದೆ ಇಟ್ಟು, ಅತ್ತಿತ್ತ ನೋಡಿ, ಗಲ್ಲಾದ ಮೇಲೆ ಬಾಗಿದ.

"ಅಣ್ಣಾರ, ಏನೂ ತಪ್ಪು ತಿಳ್ಕಾಬ್ಯಾಡ್ರಿ. ಬುಧವಾರ ನಿಮ್ಮ ಕಾರ್ಡು ಖಾಲಿ ಇದ್ರ ಒಂದಿನ ಕೊಡ್ರಿ. ನನಗ ಎರಡು ಚೀಲ ಸಕ್ಕರಿ ತರೋದೈತಿ."