ಕೊಬ್ಬರಿ ಚೀಲದವರಿಗೆ ಮೆಟ್ರೊ ದಾರಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರು ಬೆಂಗಳೂರಿನ ನೆಂಟರ ಮನೆಗೆ ಬರಿಗೈಯಲ್ಲಿ ಹೋದದ್ದನ್ನು ಯಾರಾದರೂ ಕಂಡಿದ್ದೀರಾ? ಹಾಗಾಗಿ ನಮ್ಮವರು ಮೆಟ್ರೊ ವಿದ್ಯೆಯನ್ನು ಚೀಲದಿಂದಲೇ ಕಲಿಯಬೇಕು. ರೈಲಿನಿಂದ ಯಶವಂತಪುರದಲ್ಲಿ ಇಳಿದರೆ ಹಸಿರು ಮಾರ್ಗ, ಬೆಂಗಳೂರು ಸಿಟಿ ನಿಲ್ದಾಣದತನಕ ಹೋದರೆ ನೇರಳೆ. ಎರಡೂ ಮೆಜೆಸ್ಟಿಕ್‌ನಲ್ಲಿ ನೆಲದಡಿ ಕೂಡುತ್ತವೆ. ಟೋಕನ್ ಅನ್ನು ಒಳಹೋಗುವಾಗ ಮುಟ್ಟಿಸಿ, ಹೊರಬರುವಾಗ ಸಂದಿಗೆ ಹಾಕಿ. ಚೀಲ 15 ಕಿಲೊ ಮೀರುವಂತಿಲ್ಲ. ಇಷ್ಟನ್ನು ಯಾರಾದರೂ ಹೇಳುತ್ತಾರೆ. ಯಾರೂ ಹೇಳದಿರುವುದು ತಪಾಸಣೆ ಯಂತ್ರದ ವಿಚಾರ.

ನನ್ನ ಚೀಲ ಒಳಕ್ಕೆ ಹೋಯಿತು. ಪರದೆ ತುಂಬ ಗುಂಡುಗಳು. ಗುಂಡಿನೊಳಗೆ ಇನ್ನೊಂದು ಗುಂಡು. ಬೆಲ್ಟು ನಿಂತಿತು.

"ಏನಣ್ಣಾ ಇದು?"

"ಉಂಡೆ ಕೊಬ್ಬರಿ ಕಣಪ್ಪ. ಸುಲಿದದ್ದು, ಒಡೆದಿಲ್ಲ."

ತಪಾಸಣೆಯ ಹುಡುಗ ಒಂದನ್ನು ಎತ್ತಿ ಅಲ್ಲಾಡಿಸಿದ. ಗಡಗಡ ಎಂದಿತು. ಬಾಣಂತಿ ಮನೆಯ ಕೂಸಿನ ಹಾಗೆ ಮೆಲ್ಲಗೆ ಕೆಳಗಿಟ್ಟ.

"ಒಳಗೆ ಏನೋ ಇದೆ!"

"ಒಳಗಿರೋದೇ ಕೊಬ್ಬರಿ."

ಅವನ ಮೇಲಿನವರು ಬಂದರು. ಅವರೂ ಅಲ್ಲಾಡಿಸಿದರು. ನನ್ನೊಳಗಿನ ಮೇಷ್ಟ್ರು ಎದ್ದು ನಿಂತ. ಕುಳುಕುಳು ಅಂದರೆ ನೀರಿದೆ, ಅದಿನ್ನೂ ಕಾಯಿ. ಗಡಗಡ ಅಂದರೆ ಹೆಚ್ಚೂಕಡಿಮೆ ವರ್ಷ ಅಟ್ಟದಲ್ಲಿ ಕೂತು ನೀರು ಇಂಗಿ, ತಿರುಳು ಚಿಪ್ಪು ಬಿಟ್ಟಿದೆ ಎಂದು ಒಬ್ಬೊಬ್ಬರ ಕಿವಿಗೂ ಹಿಡಿದು ಪಾಠ ಮಾಡಿದೆ. ಹಿಂದಿನವರು ಗೊಣಗುತ್ತಿದ್ದರು, ಆಫೀಸಿಗೆ ಹೊತ್ತಾಯಿತಂತೆ. ಆಗಲಿ ಬಿಡಿ, ಕೊಬ್ಬರಿ ಎಷ್ಟು ಕಾದಿದೆ! ಸಾಲಿನಲ್ಲಿದ್ದ ಒಬ್ಬ ಹೆಂಗಸು ಮಾತ್ರ ಕೈಚಾಚಿ ಒಂದನ್ನು ಇಸಿದುಕೊಂಡು, ಕಣ್ಣುಮುಚ್ಚಿ ಅಲ್ಲಾಡಿಸಿ, "ನಮ್ದೂ ತುರುವೇಕೆರೆನೇ. ಇದಿನ್ನೂ ಸರಿಯಾಗಿ ಬಿಟ್ಟಿಲ್ಲ" ಎಂದು ತೀರ್ಪು ಕೊಟ್ಟು ನಡೆದರು. ಯಂತ್ರ ಮಾಡದ ಅವಮಾನವನ್ನು ಆಯಮ್ಮ ಮಾಡಿದರು.

ಗಾಡಿಯೊಳಗೆ ಕಿಟಕಿ ನೋಡಿ ಜಾಗ ಗುರುತಿಸಲು ಹೋಗಬೇಡಿ, ನೆಲದಡಿ ಬರೀ ಕತ್ತಲು. ಕಿವಿಗೊಡಿ. ಮುಂದಿನ ನಿಲ್ದಾಣ ಯಾವುದು, ಬಾಗಿಲು ಯಾವ ಕಡೆ ಎಂದು ಈ ಮೆಟ್ರೊದಲ್ಲಿ ವರ್ಷಗಟ್ಟಲೆ ಕನ್ನಡದಲ್ಲಿ ಹೇಳಿದ ದನಿ ಅಪರ್ಣಾ ಅವರದು. 2024ರ ಜುಲೈನಲ್ಲಿ ಅವರು ತೀರಿಕೊಂಡರು. ಆ ಸುದ್ದಿ ಓದಿದ ಮೇಲೆ ನನಗೆ ಆ ದನಿ ಕೇಳುವಾಗ ಕೂತಲ್ಲೇ ಎದ್ದು ನಿಲ್ಲಬೇಕೆನಿಸಿದೆ. ಕೂರಲು ಸೀಟು ಎಲ್ಲಿ ಸಿಗುತ್ತದೆ ಎನ್ನುವುದು ಬೇರೆ ಮಾತು.

ಕಿವಿಗೆ ವೈರು ಸಿಕ್ಕಿಸಿ ಬಾಗಿಲಿಗೇ ಒರಗುವ ಹುಡುಗರಿಗೆ ಅದೆಲ್ಲಿ ಕೇಳಬೇಕು? "ಸರಿಯಪ್ಪಾ" ಅಂದರೆ ಮಿಕಮಿಕ ನೋಡುತ್ತಾರೆ. ನಾನೀಗ ಬಾಯಿ ನೋಯಿಸಿಕೊಳ್ಳುವುದಿಲ್ಲ. ಇಳಿಯುವ ಜಾಗ ಬಂದಾಗ ಚೀಲವನ್ನು ಅವರ ಸೊಂಟದ ಮಟ್ಟಕ್ಕೆ ಎತ್ತಿ ಗಡಗಡ ಎನಿಸುತ್ತೇನೆ. ವೈರು ಕಿತ್ತು ದಾರಿ ಬಿಡುತ್ತಾರೆ.