ಉಣ್ಣುವವಳು ಒಬ್ಬಳು, ಉಣಿಸುವವರು ಐವರು

ಮಗುವಿಗೆ ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲಲ್ಲದೆ ಬೇರೇನೂ ಬೇಡ, ನೀರೂ ಬೇಡ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಈ ವಾಕ್ಯದಲ್ಲಿ ಅಪ್ಪ ಎಂಬ ಪ್ರಾಣಿಯ ಪ್ರಸ್ತಾಪವೇ ಇಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಮಗಳು ಹುಟ್ಟುವ ಮೊದಲು ಶಿಶು ಆಹಾರದ ಬಗ್ಗೆ ನಾನು ಓದಿದಷ್ಟು ನಮ್ಮ ವಂಶದಲ್ಲಿ ಯಾರೂ ಓದಿರಲಿಲ್ಲ. ಅಷ್ಟೂ ಓದಿದವನಿಗೆ ಕೊನೆಗೆ ಸಿಕ್ಕಿದ್ದು ತೇಗಿನ ಖಾತೆ. ಹಾಲು ಕುಡಿದ ಮಗಳನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ಸವರಬೇಕು. ತೇಗು ಬಂದ ಮೇಲೆ ಒಳಗೆ ಹೋಗಿ ವರದಿ ಒಪ್ಪಿಸಬೇಕು. ತೇಗಿನ ಜೊತೆ ಒಂದಿಷ್ಟು ಹಾಲೂ ಬರುತ್ತಿದ್ದರಿಂದ ನನ್ನ ಅಂಗಿಗಳೆಲ್ಲ ಎಡ ಹೆಗಲಲ್ಲಿ ಒಂದೇ ನಮೂನೆಯ ಕಲೆ ಪಡೆದವು. ಆಫೀಸಿನಲ್ಲಿ ಮಕ್ಕಳೊಂದಿಗರು ಅದನ್ನು ನೋಡಿ ನಗುತ್ತಿದ್ದರು, ಉಳಿದವರು ಕುರ್ಚಿ ಸ್ವಲ್ಪ ದೂರ ಎಳೆದುಕೊಳ್ಳುತ್ತಿದ್ದರು.

ಮಗಳ ಹೊಟ್ಟೆಯ ಮೇಲೆ ಹಕ್ಕು ಸಾಧಿಸಿದವರು ಒಟ್ಟು ಐವರು. ಹೆಂಡತಿ, ಬಾಣಂತನಕ್ಕೆಂದು ಉಡುಪಿಯಿಂದ ಬಂದ ಅತ್ತೆ, ಅತ್ತೆಯ ಚೀಲಗಳನ್ನು ಹೊತ್ತು ಬಂದ ಮಾವ, "ಬೀಗಿತ್ತಿ ಬಂದಿರುವಾಗ ನಾನು ಬರದಿದ್ರೆ ಜನ ಏನಂದಾರು" ಎಂದು ಮಂಡ್ಯದಿಂದ ಬಂದಿಳಿದ ಅಮ್ಮ, ಐದನೆಯವನು, ದಾಖಲೆಗಾಗಿ, ನಾನು.

ಮೊದಲ ಜಗಳ ನೀರಿನದು. ಅದು ಏಪ್ರಿಲ್ ತಿಂಗಳು. "ಇಂಥಾ ಬಿಸಿಲಲ್ಲಿ ಮಗೀಗೆ ಒಂದೊಳಲೆ ನೀರೂ ಕುಡಿಸ್ಬೇಡ ಅಂತೀಯಲ್ಲೋ, ಎಂಥಾ ಕಲ್ಲೆದೆ ನಿಂದು!" ಎಂದಳು ಅಮ್ಮ. ನನಗೆ ಹಾಲೂಡಿಸಿದ ಬೆಳ್ಳಿ ಒಳಲೆಯನ್ನು ಹುಣಸೆಹಣ್ಣಿನಿಂದ ಉಜ್ಜಿ ಸಿದ್ಧವಾಗಿಯೇ ತಂದಿದ್ದಳು. ತಾಯಿಯ ಹಾಲಿನಲ್ಲಿ ನೂರಕ್ಕೆ 87 ಪಾಲು ನೀರೇ ಇರುತ್ತದೆ, ಬೇರೆ ನೀರು ಯಾಕೆ ಎಂದೆ. ಅಮ್ಮ ಸ್ವಲ್ಪ ಯೋಚಿಸಿ, "ನಮ್ಮೂರ ಹಾಲಿನವನೂ ಇದೇ ಪುಸ್ತಕ ಓದಿರಬೇಕು ಬಿಡು" ಎಂದಳು.

ಎರಡನೆಯದು ಜೇನಿನದು. ಜೇನುತುಪ್ಪದಲ್ಲಿ ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಸೂಕ್ಷ್ಮಾಣುವಿನ ಬೀಜಾಣುಗಳಿರಬಹುದು, ದೊಡ್ಡವರ ಕರುಳು ಅವನ್ನು ಲೆಕ್ಕಕ್ಕಿಡುವುದಿಲ್ಲ, ಆದರೆ ವರ್ಷದೊಳಗಿನ ಕೂಸಿನ ಕರುಳಲ್ಲಿ ಅವು ಮೊಳೆತು ವಿಷ ಬಿಡುತ್ತವೆ ಎಂದು ನಾನು ಕೈ ಎತ್ತಿ ಭಾಷಣ ಮಾಡಿದೆ. "ನಿಂಗೆ ಹುಟ್ಟಿದ ದಿನವೇ ಜೇನು ನೆಕ್ಕಿಸಿದ್ದೆ. ನಿಂಗೇನಾಯ್ತು?" ಎಂದಳು ಅಮ್ಮ. ಮಂಚದ ಮೇಲಿದ್ದ ಹೆಂಡತಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನಾನೂ ಅದನ್ನೇ ಯೋಚಿಸ್ತಾ ಇದ್ದೆ ಅತ್ತೆ" ಎಂದಳು. ಜೇನಿನ ಸೀಸೆ ಆ ಕ್ಷಣವೇ ಅಟ್ಟಕ್ಕೆ ಹೋಯಿತು. ನನ್ನ ಭಾಷಣಕ್ಕಿಂತ ನನ್ನ ಉದಾಹರಣೆಯೇ ಪರಿಣಾಮಕಾರಿ ಎಂಬುದು ಅಂದು ಸಾಬೀತಾಯಿತು.

ಈ ಗೆಲುವಿನ ಉಮೇದಿನಲ್ಲಿ ಒಂದು ಪಟ್ಟಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಮೇಲೆ ಮಗಳ ಹೆಸರು, ಕೆಳಗೆ ಕೆಂಪು ಶಾಯಿಯಲ್ಲಿ: ವರ್ಷದವರೆಗೆ ಉಪ್ಪು ಬೇಡ. ಎರಡು ವರ್ಷದವರೆಗೆ ಸಕ್ಕರೆ ಬೇಡ. ಕರಿದದ್ದು ಬೇಡ. ಉಣ್ಣುವಾಗ ಮೊಬೈಲು ಬೇಡ. ನಾಲ್ಕು ಜನ ಅದನ್ನು ಓದಿದರು. ಐದನೆಯವಳಿಗೆ ಇನ್ನೂ ಓದು ಬರುತ್ತಿರಲಿಲ್ಲ, ಆದ್ದರಿಂದ ಗೌರವವಿಟ್ಟವಳು ಅವಳೊಬ್ಬಳೇ.

ಅನ್ನಪ್ರಾಶನದ ವಿಷಯ ಬಂದಾಗ ಮತ್ತೆ ಬಿಕ್ಕಟ್ಟು. ಗಂಡುಮಗುವಿಗೆ ಸಮ ತಿಂಗಳು, ಹೆಣ್ಣುಮಗುವಿಗೆ ಬೆಸ ತಿಂಗಳು ಎಂಬುದು ಸಂಪ್ರದಾಯ. ಐದಕ್ಕೇ ಮುಗಿಸೋಣ ಎಂದಳು ಅಮ್ಮ. ಗರ್ಭದಿಂದ ತಂದ ಕಬ್ಬಿಣಾಂಶದ ದಾಸ್ತಾನು ಬರಿದಾಗುವುದೇ ಆರರ ಹೊತ್ತಿಗೆ, ಅಲ್ಲಿಯವರೆಗೆ ಅವಸರವಿಲ್ಲ ಎಂದು ನಾನು. ಆಗ ಪೇಪರ್ ಓದುತ್ತಿದ್ದ ಮಾವ ಕನ್ನಡಕ ಇಳಿಸಿ, "ಆರು ತುಂಬಿದ ಮರುದಿನ ಏಳನೆಯದು ಶುರು ಅಲ್ವಾ? ಏಳು ಬೆಸವೇ ಅಲ್ವಾ?" ಎಂದು ಮತ್ತೆ ಪೇಪರಿಗೆ ಮರಳಿದರು. ವಿಶ್ವ ಆರೋಗ್ಯ ಸಂಸ್ಥೆಯ ಜಿನೀವಾಕ್ಕೂ ಅಮ್ಮನ ಪಂಚಾಂಗಕ್ಕೂ ಹೀಗೆ ರಾಜಿಯಾಯಿತು. ಹೊರನಾಡಿನ ಅನ್ನಪೂರ್ಣೇಶ್ವರಿಯ ಸನ್ನಿಧಿಗೆ ಹೊರಟೆವು. ಅಲ್ಲಿ ಅಮ್ಮ ಪಾಯಸದ ಬೆರಳನ್ನು ಮಗಳ ಬಾಯಿಗೆ ಒಯ್ಯುವಾಗ, "ಪಟ್ಟಿಯಲ್ಲಿ ಸಕ್ಕರೆ ಬೇಡ ಅಂತಿದೆ" ಎಂದು ಪಿಸುಗುಟ್ಟಿದೆ. "ಇದು ಬೆಲ್ಲ ಕಣೋ" ಎಂದಳು. ಮಗಳು ಅದನ್ನು ನಾಲಿಗೆಯಿಂದ ಹೊರಗೆ ತಳ್ಳಿದಳು. ಹಾಲಲ್ಲದ್ದು ಬಂದರೆ ನಾಲಿಗೆ ತಾನಾಗಿ ಹೊರದಬ್ಬುವುದು ಹಸುಗೂಸಿನ ಸಹಜ ಗುಣ, ಅದು ನಾಲ್ಕರಿಂದ ಆರು ತಿಂಗಳ ನಡುವೆ ಕರಗುತ್ತಾ ಬರುತ್ತದೆ ಎಂದು ನಾನು ವಿವರಿಸತೊಡಗಿದೆ. "ದೃಷ್ಟಿ ಆಗಿದೆ" ಎಂದರು ಅತ್ತೆ. ಅಮ್ಮ ತಲೆಯಾಡಿಸಿದಳು. ಬೀಗಿತ್ತಿಯರಿಬ್ಬರೂ ಒಪ್ಪಿದ ಮೊದಲ ರೋಗನಿರ್ಣಯ ಅದು.

ಒಪ್ಪಂದ ಬಾಳಿದ್ದು ಮನೆಗೆ ಮರಳುವವರೆಗೆ ಮಾತ್ರ. ಅಲ್ಲಿ ರಾಗಿ ಕಾದಿತ್ತು. ಮಂಡ್ಯದ ಕಡೆಯದು ರಾಗಿ ಸರಿ: ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಸೋಸಿದ ಹಿಟ್ಟು. ಕರಾವಳಿಯದು ರಾಗಿ ಮಣ್ಣಿ: ನೆನೆದ ರಾಗಿಯನ್ನು ರುಬ್ಬಿ, ಹಿಂಡಿ, ಹಾಲು ತೆಗೆದು, ಆ ಹಾಲನ್ನು ಕಾಯಿಸಿ ಕೂಡಿಸಿದ್ದು. ಸರಿಯ ಬಟ್ಟಲನ್ನು ಬೆಳಕಿಗೆ ಹಿಡಿದು ಅತ್ತೆ, "ಇದೆಂಥ ಮಾರಾಯ್ರೆ, ಹೊಟ್ಟು ಹೊಟ್ಟು ಉಂಟಲ್ಲ" ಎಂದರು. "ಹಿಂಡಿ ಬಿಸಾಕಿದ ಮೇಲೆ ರಾಗೀಲಿ ಉಳಿಯೋದೇನು, ಬಣ್ಣವಾ?" ಎಂದಳು ಅಮ್ಮ. ಶಾಂತಿ ಸ್ಥಾಪಿಸಲೆಂದು ನಾನು ನಡುವೆ ನಿಂತು, 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಷ್ಟೇ ತೂಕದ ಹಾಲಿನಲ್ಲಿ ಅದರ ಮೂರನೇ ಒಂದು ಪಾಲು ಮಾತ್ರ, ಹೀಗಾಗಿ ಇಬ್ಬರೂ ಸರಿ ಎಂದೆ. ಇಬ್ಬರೂ ಒಟ್ಟಾಗಿ ನನ್ನ ಕಡೆ ತಿರುಗಿ, ನನ್ನನ್ನು ಹಿಟ್ಟಿನ ಗಿರಣಿಗೆ ಕಳಿಸಿದರು.

ಗಿರಣಿಯ ಕೆಲಸವೇನು ಸಾಮಾನ್ಯವಲ್ಲ. ನಮ್ಮ ರಾಗಿಗೆ ಮೊದಲು ಅಲ್ಲಿ ಯಾರೂ ಮೆಣಸಿನಕಾಯಿ ಬೀಸಿರಬಾರದು. ಇದನ್ನು ಖಚಿತಪಡಿಸಿಕೊಳ್ಳಲು ಸಾಲಿನಲ್ಲಿದ್ದ ಪ್ರತಿಯೊಬ್ಬರ ಡಬ್ಬದೊಳಗೆ ಇಣುಕಿದೆ. ಎಂಬಿಎ ಓದಿದವನು ಅಪರಿಚಿತರ ಡಬ್ಬ ಮೂಸುತ್ತ ನಿಂತಿರುವುದನ್ನು ನಮ್ಮ ಬೀದಿ ಕಣ್ತುಂಬ ನೋಡಿತು.

ಮಕ್ಕಳ ಡಾಕ್ಟರು ಒಂದು ಪರೀಕ್ಷೆ ಹೇಳಿಕೊಟ್ಟಿದ್ದರು: ಚಮಚ ವಾಲಿಸಿದರೆ ಊಟ ಹರಿದು ಬೀಳಬಾರದು; ನೀರಾದರೆ ಪುಟ್ಟ ಹೊಟ್ಟೆ ತುಂಬುತ್ತದೆ, ಶಕ್ತಿ ಸಿಗುವುದಿಲ್ಲ. ಗಟ್ಟಿಯಾದರೆ ನುಂಗುವುದು ಹೇಗೆ? ಉತ್ತರ ಮೊಳಕೆಯಲ್ಲಿದೆ. ಮೊಳೆತ ರಾಗಿಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಹೆಚ್ಚು ಹಿಟ್ಟು ಹಾಕಿದರೂ ಸರಿ ಅಂಟಾಗದೆ ಮೆತ್ತಗಿರುತ್ತದೆ. ಇದನ್ನು ಅಮ್ಮನಿಗೆ ಹೇಳಿದಾಗ, "ಮತ್ತೆ ಮೊಳಕೆ ಯಾಕೆ ಕಟ್ತಾರೆ ಅಂದ್ಕೊಂಡಿದ್ದೆ, ಚಂದಕ್ಕಾ?" ಎಂದು ಕೇಳಿದಳು. ಉಪ್ಪಿನ ವಿಷಯದಲ್ಲಂತೂ ಅವಳ ಬಳಿ ಗಾದೆಯೇ ಇತ್ತು: ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ದೇವರಿಲ್ಲ. ಎರಡರಲ್ಲಿ ಯಾವ ಅರ್ಧವನ್ನು ವಿರೋಧಿಸಿದರೂ ನನಗೇ ಕಷ್ಟ.

ಊಟದ ಹೊತ್ತಿನ ರಂಗಸಜ್ಜಿಕೆ ಬೇರೆಯೇ. ಬಾಯಿ ತಿರುಗಿಸಿದರೆ ನಿಲ್ಲಿಸಿ, ಏನು ಕೊಡಬೇಕೆಂಬುದು ನಿಮ್ಮ ಕೆಲಸ, ಎಷ್ಟು ತಿನ್ನಬೇಕೆಂಬುದು ಅವಳದು ಎಂದಿದ್ದರು ಡಾಕ್ಟರು. ಹೊಸ ರುಚಿಯನ್ನು ಒಪ್ಪಲು ಎಂಟು ಹತ್ತು ಸಲ ಬೇಕಾಗಬಹುದು, ಬೇಸರಪಡಬೇಡಿ ಎಂದೂ ಹೇಳಿದ್ದರು. ಮನೆಯಲ್ಲಿ ಇದನ್ನು ಹೀಗೆ ಅರ್ಥ ಮಾಡಿಕೊಂಡರು: ಅವಳು ಬಾಯಿ ತಿರುಗಿಸಿದ ದಿಕ್ಕಿನಲ್ಲಿ ಇನ್ನೊಬ್ಬರು ಚಮಚ ಹಿಡಿದು ನಿಂತಿರಬೇಕು. ಮಾವ ಬಾಲ್ಕನಿಯಲ್ಲಿ ಕಾಗೆ ಕರೆಯುವುದು, ಅತ್ತೆ ತಟ್ಟೆ ಬಡಿಯುವುದು, ನಾನು ನಾಲ್ಕು ಕಾಲಿನಲ್ಲಿ ಆನೆಯಾಗುವುದು. ಆನೆ ಘೀಳಿಟ್ಟಾಗ ಮಗಳು ಬೆರಗಿನಿಂದ ಬಾಯಿ ತೆರೆಯುತ್ತಿದ್ದಳು. ಹೆಂಡತಿ ಚಮಚ ತುರುಕುತ್ತಿದ್ದಳು. ಮಗಳು ಅದನ್ನು ಆನೆಯ ಮುಖಕ್ಕೆ ಉಗುಳುತ್ತಿದ್ದಳು.

ಉಳಿದದ್ದನ್ನು ಚೆಲ್ಲುವಂತಿಲ್ಲ, ಅನ್ನಪೂರ್ಣೆ ಮುನಿಯುತ್ತಾಳೆ. ಹಾಗಾಗಿ ಬೆಳಿಗ್ಗೆ ಉಳಿದ ಸರಿ, ಮಧ್ಯಾಹ್ನ ಉಳಿದ ಮಣ್ಣಿ, ಸಂಜೆ ಮಸೆದ ಏಲಕ್ಕಿ ಬಾಳೆ, ರಾತ್ರಿ ತುಪ್ಪ ಸುರಿದ ಮೆತ್ತನೆ ಅನ್ನ-ತೊವ್ವೆ, ಎಲ್ಲವೂ ನನ್ನ ಪಾಲಿಗೆ ಬಂದವು. ನನ್ನ ಮಾಮೂಲು ಊಟ ಬೇರೆ ಇದ್ದೇ ಇತ್ತು.

ಅಮ್ಮನಿಗೆ ಮಾತ್ರ ಮೊಮ್ಮಗಳು ಸೊರಗಿದಂತೆಯೇ ಕಾಣುತ್ತಿತ್ತು. ಅವಳ ಕಣ್ಣಲ್ಲಿದ್ದ ಮಾದರಿ, ಹಳೆಯ ಹಾಲಿನ ಪುಡಿ ಡಬ್ಬದ ಮೇಲಿದ್ದ ದುಂಡು ಕೂಸು. 1992ರ ಕಾಯ್ದೆ ಆ ಡಬ್ಬಗಳ ಮೇಲೆ ಮಗುವಿನ ಚಿತ್ರ ಹಾಕುವುದನ್ನೇ ನಿಷೇಧಿಸಿದೆ ಎಂದರೆ, "ಅದಕ್ಕೇ ಈಗಿನ ಮಕ್ಕಳು ಸಣ್ಣ" ಎಂದಳು.

ವರ್ಷ ತುಂಬಿದಾಗ ತೂಕಕ್ಕೆ ಒಯ್ದೆವು. ಹುಟ್ಟುತೂಕ ವರ್ಷಕ್ಕೆ ಮೂರು ಪಟ್ಟಾಗಬೇಕು. ಮೂರು ಕಿಲೋದ ಮಗಳು ಒಂಬತ್ತಕ್ಕೆ ಬಂದಿದ್ದಳು. ಐವರೂ ಮೀಸೆ ತಿರುವುವ ಹೊತ್ತಿಗೆ ಡಾಕ್ಟರು ನನ್ನ ಹೊಟ್ಟೆಯತ್ತ ನೋಡಿ, "ನೀವೂ ಒಮ್ಮೆ ಹತ್ತಿ" ಎಂದರು. ಬಳಿಕ ನನ್ನ ರಕ್ತದೊತ್ತಡ ನೋಡಿ, ಬೇರೆ ಡಾಕ್ಟರ ಬಳಿ ಕಳಿಸಿದರು.

ಈಗ ಮಗಳ ಅನ್ನಕ್ಕೆ ಉಪ್ಪು ಬಿದ್ದಿದೆ, ನನ್ನದಕ್ಕೆ ನಿಂತಿದೆ. ಸಕ್ಕರೆ ಇಬ್ಬರಿಗೂ ಇಲ್ಲ. ಅವಳ ಶಿಕ್ಷೆ ಇನ್ನೊಂದು ವರ್ಷಕ್ಕೆ ಮುಗಿಯುತ್ತದೆ, ನನ್ನದು ಜೀವಾವಧಿ. ಫ್ರಿಜ್ಜಿನ ಪಟ್ಟಿಯನ್ನು ಕೀಳುವ ಪ್ರಮೇಯವೇ ಬರಲಿಲ್ಲ. ಹೆಂಡತಿ ಮೇಲಿನ ಹೆಸರು ಹೊಡೆದು ನನ್ನದನ್ನು ಬರೆದಳು. "ವರ್ಷದವರೆಗೆ" ಎಂಬುದನ್ನೂ ಹೊಡೆದುಹಾಕಿದಳು. ಉಳಿದದ್ದೆಲ್ಲ ನನ್ನ ಕೈಬರಹ. ಮೇಲ್ಮನವಿಗೆ ಅವಕಾಶವಿಲ್ಲ.